ವರದಿಯಲ್ಲಿಲ್ಲದ ಭೇಟಿ

"ಬಾಗಿಲು ತೆಗೀರಿ! ಪೊಲೀಸ್!"

ಕಮಲಾವತಿಯ ಕೈಗಳಿಗೆ ಮೊಣಕೈವರೆಗೂ ಹಳದಿ ಬಣ್ಣ, ಕೋಣೆಯ ತುಂಬ ಸೀಮೆಎಣ್ಣೆಯ ವಾಸನೆ. ಚಾಪೆಯ ಮೇಲೆ ಅಣ್ಣ ಕುಕ್ಕಪ್ಪ ಜ್ವರದಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದ.

ಕೈ ಒರೆಸಲು ಬಟ್ಟೆ ಹುಡುಕಿದಳು, ಸಿಗಲಿಲ್ಲ. ಹಾಗೆಯೇ ಬಾಗಿಲು ತೆಗೆದಳು.

ಹೊರಗೆ ಎಳೆಯ ವಯಸ್ಸಿನ ಒಬ್ಬ ಕಾನ್‌ಸ್ಟೇಬಲ್ ನಿಂತಿದ್ದ. ಓಡಿ ಬಂದದ್ದಕ್ಕೆ ಏದುಸಿರು. ಅವನ ಕಣ್ಣು ಮೊದಲು ಅವಳ ಮುಖದ ಮೇಲೆ ನಿಂತಿತು, ಆಮೇಲೆ ಅವಳ ಕೈಗಳ ಮೇಲೆ.



"ಇದು ಹುಲಿವೇಷದ ಕುಕ್ಕಪ್ಪನ ಮನೆಯಾ?"

"ಹೌದು... ನಾನು ತಂಗಿ. ಎಂತ ಆಯಿತು?"

"ಈಗ ಹನ್ನೆರಡು ಗಂಟೆಗೆ ಪೇಟೆಯಲ್ಲಿ ಎರಡು ತಂಡ ಎದುರುಬದುರಾಯ್ತು. ದಾರಿ ಬಿಡುವ ಮಾತಿಗೆ ಜಗಳ. ಆಚೆ ತಂಡದಲ್ಲಿ ತಾಸೆ ಬಡಿಯುವ ತ್ಯಾಂಪಣ್ಣನಿಗೆ ನಿಮ್ಮ ಅಣ್ಣನ ತಂಡದ ಯಾವುದೋ ಹುಲಿ ಚೂರಿ ಹಾಕಿದೆ. ಅವನು ಸತ್ತ. ತಂಡದಲ್ಲಿ ನಿಮ್ಮ ಅಣ್ಣ ಒಬ್ಬನೇ ಕಾಣುದಿಲ್ಲ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

೧೯೫೯ರ ಮಾರ್ನೆಮಿ, ನವರಾತ್ರಿಯ ಒಂಬತ್ತು ದಿನ. ಪುತ್ತೂರಿನ ಬೀದಿ ಬೀದಿಯಲ್ಲಿ ತಾಸೆಯ ಸದ್ದು, ಕುಣಿಯುವ ಹುಲಿಗಳು, ಹಿಂದೆ ಸಾವಿರಾರು ಜನ. ಕುಕ್ಕಪ್ಪ ಕುಣಿಯುತ್ತಿದ್ದ ಗುರುವಪ್ಪನ ತಂಡದಲ್ಲಿ ಹನ್ನೆರಡು ಹುಲಿಗಳಿದ್ದವು. ಆ ತಂಡಕ್ಕೆ ಒಂದು ಕಟ್ಟು ಇತ್ತು. ಬಣ್ಣ ಹಚ್ಚಿದ ಮೇಲೆ ಯಾರನ್ನೂ ಹೆಸರು ಹಿಡಿದು ಕರೆಯಬಾರದು. ಒಂಬತ್ತನೇ ದಿನ ಕಳೆಯುವವರೆಗೆ ಬಣ್ಣ ತೆಗೆಯಬಾರದು. ಹೆಣ್ಣುಮಕ್ಕಳು ಹುಲಿಯನ್ನು ಮುಟ್ಟಬಾರದು.

ಇವತ್ತು ಎಂಟನೇ ದಿನ. ಕಮಲಾವತಿ ಮುಟ್ಟಿದ್ದಳು, ತೊಳೆದೂ ಇದ್ದಳು.

"ಅಣ್ಣ ಹತ್ತೂವರೆಗೇ ಮನೆಗೆ ಬಂದಿದ್ದಾನೆ! ಮೈ ಕೆಂಡದ ಹಾಗೆ ಸುಡುತ್ತಿತ್ತು. ಮೇಲೆ ಆ ದಪ್ಪ ಬಣ್ಣ, ಬೆವರು ಹೊರಗೆ ಬರುದಾದರೂ ಹೇಗೆ? ಸತ್ತೇ ಹೋಗ್ತಾನೆ ಅನಿಸಿತು. ಅದಕ್ಕೆ ನಾನೇ..."

ಕಾನ್‌ಸ್ಟೇಬಲ್ ಒಳಗೆ ಬಂದು ಕುಕ್ಕಪ್ಪನ ಹಣೆ ಮುಟ್ಟಿ ನೋಡಿದ. ಕಿವಿಯ ಹಿಂದೆ ಬೆರಳಗಲ ಹಳದಿ ಬಿಟ್ಟರೆ ಮೈಯೆಲ್ಲ ಸ್ವಚ್ಛವಾಗಿತ್ತು.

"ಎಷ್ಟು ಹೊತ್ತು ಹಿಡಿಯಿತು ಇದನ್ನು ತೆಗೀಲಿಕ್ಕೆ?"

"ಒಂದು ಗಂಟೆಗೂ ಮೇಲೆ."

ಅವನು ಕೈಗಡಿಯಾರ ನೋಡಿಕೊಂಡ. ಹನ್ನೆರಡೂ ಕಾಲು. ಬಾಗಿಲವರೆಗೆ ಹೋದವನು ತಿರುಗಿದ.

"ನನ್ನ ಹೆಸರು ಅಚ್ಚುತ. ನಾನು ಹೆಡ್ ಕಾನ್‌ಸ್ಟೇಬಲರ ಜೊತೆ ಮತ್ತೆ ಬರ್ತೇನೆ. ಅಷ್ಟರೊಳಗೆ ನಿಮ್ಮ ಕೈ ತೊಳೆದುಕೊಳ್ಳಿ... ಚೆನ್ನಾಗಿ ತೊಳೆದುಕೊಳ್ಳಿ."

ಎರಡು ಗಂಟೆಗೆ ಅವರು ಬಂದರು. ಕುಕ್ಕಪ್ಪನಿಗೆ ಆಗಷ್ಟೇ ಎಚ್ಚರವಾಗಿತ್ತು. ಹೆಡ್ ಕಾನ್‌ಸ್ಟೇಬಲ್ ಗದರಿದರು, "ಬಣ್ಣ ತೆಗೆದದ್ದು ಯಾರೋ?"

ಕುಕ್ಕಪ್ಪ ತಂಗಿಯ ಕಡೆ ನೋಡಿದ. ಅವಳು ಹರಕೆಯ ಹುಲಿಯನ್ನು ಮುಟ್ಟಿದಳು ಎಂದು ಊರಿಗೆ ಗೊತ್ತಾದರೆ? ಅವಳನ್ನು ಠಾಣೆಗೆ ಎಳೆದರೆ?

"ನಾನೇ ತೊಳೆದದ್ದು," ಎಂದ.

ಅಚ್ಚುತ ತಲೆ ತಗ್ಗಿಸಿ ಬರೆದುಕೊಂಡ. ಒಂದು ಮಾತೂ ಆಡಲಿಲ್ಲ!

'ಮೊದಲು ಬಂದು ಎಲ್ಲ ನೋಡಿ ಹೋದ. ಹೋಗಿ ಚಾಡಿ ಹೇಳಿದ. ಕೈ ತೊಳೆ ಅಂದದ್ದು ನನ್ನನ್ನು ಇಲ್ಲಿ ಕಟ್ಟಿಹಾಕಲಿಕ್ಕೆ!' ಅಣ್ಣನನ್ನು ಹತ್ತಿಸಿಕೊಂಡು ಜೀಪು ಹೊರಟಾಗ ಕಮಲಾವತಿಯ ಎದೆಯೊಳಗೆ ಸೇಡು ಕುದಿಯುತ್ತಿತ್ತು.

*

ಎರಡು ದಿನದಲ್ಲಿ ಬಿಡುತ್ತಾರೆ ಎಂದುಕೊಂಡಿದ್ದರು. ಬಿಡಲಿಲ್ಲ.

ಪೇಟೆಯಲ್ಲಿ ನೂರಾರು ಜನ ಕೊಲೆ ಕಂಡಿದ್ದರು. ಆದರೆ ಎಲ್ಲರಿಗೂ ಕಂಡದ್ದು ಹುಲಿ. ಹುಲಿಯೊಳಗಿನ ಮುಖ ಯಾರಿಗೂ ಕಂಡಿರಲಿಲ್ಲ. ತಂಡದ ಹನ್ನೊಂದು ಹುಲಿಗಳು ಬಣ್ಣದಲ್ಲೇ ಠಾಣೆಯ ಎದುರು ಸಾಲಾಗಿ ನಿಂತಿದ್ದವು. ಇಲ್ಲದಿದ್ದವನು ಒಬ್ಬನೇ. ಕುಕ್ಕಪ್ಪ ಯಾವಾಗ ತಂಡ ಬಿಟ್ಟು ಹೋದನೆಂದು ಗುರುವಪ್ಪನಿಗೂ ಹೇಳಲಾಗಲಿಲ್ಲ.

ಸರಕಾರಿ ಕಡೆಯ ವಾದ ಸರಳವಾಗಿತ್ತು. ಐದು ವರ್ಷದ ಹರಕೆಯ ಕೊನೆಯ ವರ್ಷ, ಇನ್ನೊಂದೇ ದಿನ ಬಾಕಿ. ಅಂಥವನು ತಾನಾಗಿ ಬಣ್ಣ ತೊಳೆಯಬೇಕಾದರೆ ನೇಣಿನ ಹೆದರಿಕೆ ಬಿಟ್ಟು ಬೇರೆ ಕಾರಣ ಎಂತ?

ಆ ಹರಕೆ ಹೊತ್ತದ್ದು ಕಮಲಾವತಿಗಾಗಿ. ಬೆಳ್ಳಾರೆಯಲ್ಲಿದ್ದಾಗ ಅವಳಿಗೆ ವಿಷಮಜ್ವರ ಬಂದಿತ್ತು. ಅಪ್ಪ ಅಮ್ಮ ಇಬ್ಬರೂ ಅದೇ ಜ್ವರದಲ್ಲಿ ಹೋದರು, ಅವಳು ಉಳಿದಳು. ಅವಳು ಉಳಿದದ್ದಕ್ಕೆ ಅಣ್ಣ ಹುಲಿಯಾದ.

"ನೀನು ಬಾಯಿ ಬಿಡಬೇಡ," ಸಬ್‌ಜೈಲಿನ ಸರಳಿನ ಹಿಂದಿನಿಂದ ಕುಕ್ಕಪ್ಪ ಹೇಳಿದ. "ನನ್ನ ಮೇಲೆ ಆಣೆ. ನಾನು ತೊಳೆದೆ ಅಂತ ಹೇಳಿಯಾಗಿದೆ. ಈಗ ನೀನು ಬೇರೆ ಹೇಳಿದರೆ ಇಬ್ಬರೂ ಸುಳ್ಳರಾಗ್ತೇವೆ."

ಆಣೆಗೆ ಕಟ್ಟುಬಿದ್ದು ಅವಳು ಸುಮ್ಮನಾದಳು.

ದಿನಾ ಬೆಳಗ್ಗೆ ಬೀಡಿ ಕಟ್ಟಿ ಮುಗಿಸಿ, ಗಂಜಿಯ ಪಾತ್ರೆ ಹಿಡಿದು ಸಬ್‌ಜೈಲಿಗೆ ನಡೆಯುವಳು. ವಾರಕ್ಕೆ ಮೂರು ದಿನ ಅಲ್ಲಿ ಅಚ್ಚುತನ ಪಹರೆ.

ಅವನು ಪಾತ್ರೆ ಕಲಕಿ ನೋಡುತ್ತಿರಲಿಲ್ಲ. ಕಾಯಿಸದೆ ಬೇಗ ಒಳಗೆ ಬಿಡುತ್ತಿದ್ದ. ಒಮ್ಮೆ ಕುಕ್ಕಪ್ಪನಿಗೆ ಮತ್ತೆ ಜ್ವರ ಬಂದಾಗ ಡಾಕ್ಟರನ್ನು ಕರೆಸಿದ್ದೂ ಅವನೇ.

"ಇವತ್ತು ಜ್ವರ ಇಲ್ಲ. ನಿನ್ನೆ ರಾತ್ರಿ ನಿದ್ದೆ ಮಾಡಿದ್ದಾರೆ," ಎನ್ನುವನು. ಅವಳು ಉತ್ತರ ಕೊಡದೆ ಹೋಗುವಳು.

ಪಕ್ಕದ ಮನೆಯ ನೆಬೀಸ ಒಂದು ದಿನ ಬೀಡಿ ಎಲೆ ಕತ್ತರಿಸುತ್ತ ಕೇಳಿದಳು, "ಏ ಮಾರಾಯ್ತಿ, ಆ ಪೊಲೀಸಿನವನ ಪಹರೆ ಇರುವ ದಿನ ನೀನು ತಲೆ ಬಾಚಿಕೊಂಡು ಹೋಗುದು ಯಾಕೆ?"

"ಬಾಯಿ ಮುಚ್ಚು ನೆಬೀಸಾ! ಅವನನ್ನು ಕಂಡರೆ ನನಗೆ ಉರಿಯುತ್ತದೆ."

"ಉರಿಯಲಿ. ಉರಿಯುವುದಕ್ಕೆ ಬಾಚಣಿಗೆ ಬೇಡ ಅಂತ ಮಾತ್ರ ಹೇಳಿದೆ."

ಕಮಲಾವತಿಗೆ ನಗು ಬರಲಿಲ್ಲ. ಆ ರಾತ್ರಿ ಅವಳು ತನ್ನನ್ನೇ ಬೈದುಕೊಂಡಳು. 'ಅಣ್ಣನ ಕುತ್ತಿಗೆಗೆ ಹಗ್ಗ ಹಾಕಿದವನಿಗಾಗಿ ನಾನು ದಾರಿ ನೋಡುತ್ತೇನಾ? ಥೂ!'

*

ಏಳು ತಿಂಗಳಾಯಿತು. ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆಗೆ ದಿನ ಗೊತ್ತಾಯಿತು. ವಕೀಲರು ಅವಳನ್ನು ಕೂರಿಸಿಕೊಂಡು ಪೊಲೀಸರ ವರದಿ ಓದಿ ಹೇಳಿದರು.

"...ಮಧ್ಯಾಹ್ನ ಎರಡು ಗಂಟೆಗೆ ಹೆಡ್ ಕಾನ್‌ಸ್ಟೇಬಲರ ಜೊತೆ ಆರೋಪಿಯ ಮನೆಗೆ ಹೋದಾಗ, ಅವನು ಬಣ್ಣ ತೊಳೆದುಕೊಂಡಿರುವುದು ಕಂಡುಬಂತು. ಇಷ್ಟೇ ಉಂಟು."

"ಅದಕ್ಕೆ ಮೊದಲಿನದು?"

"ಮೊದಲು ಎಂತದ್ದು?"

"ಅವರು ಹನ್ನೆರಡೂ ಕಾಲಿಗೆ ಬಂದದ್ದು... ಒಬ್ಬರೇ..."

ವಕೀಲರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಅಂಥದ್ದು ಇಲ್ಲಿ ಬರೆದೇ ಇಲ್ಲವಲ್ಲ ತಂಗಿ?"

ಕಮಲಾವತಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕೊಲೆ ಆದದ್ದು ಹನ್ನೆರಡಕ್ಕೆ. ಬಣ್ಣ ತೆಗೆಯಲು ಒಂದು ಗಂಟೆಗೂ ಹೆಚ್ಚು ಬೇಕು. ಹನ್ನೆರಡೂ ಕಾಲಿಗೆ ಅಣ್ಣನ ಮೈ ಸ್ವಚ್ಛವಾಗಿತ್ತು. ಆ ಒಂದು ಭೇಟಿ ಕಾಗದದ ಮೇಲಿದ್ದಿದ್ದರೆ ಅಣ್ಣ ಅವತ್ತು ಸಂಜೆಯೇ ಮನೆಯಲ್ಲಿರುತ್ತಿದ್ದ!

ನೇರ ಸಬ್‌ಜೈಲಿಗೆ ನಡೆದಳು. ಅಚ್ಚುತ ಗೇಟಿನಲ್ಲಿದ್ದ.

"ಹನ್ನೆರಡೂ ಕಾಲಿಗೆ ನೀವು ನಮ್ಮ ಮನೆಗೆ ಬಂದಿರಾ ಇಲ್ವಾ?"

"ಬಂದಿದ್ದೆ."

"ಮತ್ತೆ ಬರೆಯಲಿಲ್ಲ ಯಾಕೆ?"

ಅವನು ಗೇಟಿನಿಂದ ಈಚೆ ಬಂದು ಧ್ವನಿ ತಗ್ಗಿಸಿದ.

"ಆ ಭೇಟಿ ಬರೆದರೆ ನಿಮ್ಮ ಕೈಯ ಬಣ್ಣವನ್ನೂ ಬರೆಯಬೇಕಿತ್ತು. ಸಾಕ್ಷ್ಯ ತೊಳೆದವಳು ಅಂತ ನಿಮ್ಮನ್ನು ಅವತ್ತೇ ಠಾಣೆಗೆ ಒಯ್ಯುತ್ತಿದ್ದರು. ನನ್ನ ಅಕ್ಕನನ್ನು ಒಮ್ಮೆ ಹಾಗೆ ಒಯ್ದಿದ್ದರು... ಬೇರೆ ಊರಿನಲ್ಲಿ, ಯಾರದೋ ಕಳ್ಳತನದ ವಿಚಾರಣೆಗೆ. ಒಂದು ಹಗಲು ಕೂರಿಸಿ ಬಿಟ್ಟರು. ಅಷ್ಟೇ. ಆದರೆ ಊರಿನ ಬಾಯಿ ಬಿಡಲಿಲ್ಲ. ಮೂರನೇ ದಿನ ಅವಳು ಬಾವಿಗೆ ಹಾರಿದಳು."

ಅವನು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಜ್ವರದ ಮನುಷ್ಯ, ಎರಡು ದಿನದಲ್ಲಿ ಬಿಡ್ತಾರೆ ಅಂದುಕೊಂಡೆ. ಆಮೇಲೆ ನಿಮ್ಮ ಅಣ್ಣನೇ 'ನಾನು ತೊಳೆದದ್ದು' ಅಂದುಬಿಟ್ಟರು. ಅಲ್ಲಿಂದ ಬಾಯಿ ಬಿಡಲು ನನಗೆ ಧೈರ್ಯ ಸಾಲಲಿಲ್ಲ."

"ನೀವು ನನ್ನನ್ನು ಕಾಪಾಡಿದ್ದಾ?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಯಾರು ಕೇಳಿದ್ದರು ನಿಮ್ಮನ್ನು? ಅಣ್ಣನನ್ನು ಕೊಟ್ಟು ನನ್ನನ್ನು ಉಳಿಸಿ ಅಂತ ಯಾರು ಕೇಳಿದ್ದರು?"

ಅವನ ಕಣ್ಣಲ್ಲಿ ನೀರಿತ್ತು.

"ಕೋರ್ಟಿನಲ್ಲಿ ನನ್ನನ್ನು ಕೇಳಲು ನಿಮ್ಮ ವಕೀಲರಿಗೆ ಹೇಳಿ," ಎಂದ ಕೊನೆಗೆ. "ನಾನು ಹೇಳ್ತೇನೆ."

"ಹೇಳಿದರೆ ನಿಮ್ಮ ಕೆಲಸ?"

"ಹೋಗುದು."

*

ಕಟಕಟೆಯಲ್ಲಿ ಅಚ್ಚುತ ನೇರವಾಗಿ ನಿಂತಿದ್ದ. ಮೂಲೆಯ ಬೆಂಚಿನಲ್ಲಿ ತ್ಯಾಂಪಣ್ಣನ ತಾಯಿ ದೇವಮ್ಮ. ಆಕೆ ಒಂದು ದಿನವೂ ಕೋರ್ಟು ತಪ್ಪಿಸಿರಲಿಲ್ಲ.

"ಆರೋಪಿಯ ಮನೆಗೆ ನೀವು ಮೊದಲು ಹೋದದ್ದು ಎಷ್ಟು ಗಂಟೆಗೆ?" ವಕೀಲರು ಕೇಳಿದರು.

ಅವನು ತಡೆದ. ಕಮಲಾವತಿ ಬೆಂಚಿನ ಅಂಚು ಹಿಡಿದಳು. 'ಎರಡು ಗಂಟೆ ಅನ್ನುತ್ತಾನೆ... ಅನ್ನುತ್ತಾನೆ...'

"ಹನ್ನೆರಡೂ ಕಾಲಿಗೆ."

ಕೋರ್ಟಿನಲ್ಲಿ ಗುಜುಗುಜು ಎದ್ದಿತು. ಅವನು ಎಲ್ಲವನ್ನೂ ಹೇಳಿದ. ಸ್ವಚ್ಛವಾದ ಮೈ, ಸುಡುವ ಹಣೆ, ಅವಳ ಹಳದಿ ಕೈಗಳು, ತಾನು ಬರೆಯದೆ ಬಿಟ್ಟದ್ದು. ಹೆಡ್ ಕಾನ್‌ಸ್ಟೇಬಲರು ಬಾಗಿಲ ಬಳಿ ಹಲ್ಲು ಕಡಿಯುತ್ತಿದ್ದರು. ಹೇಳಿ ಮುಗಿಸಿದವನು ಯಾರ ಮುಖವನ್ನೂ ನೋಡದೆ ಹೊರನಡೆದ.

ಮರುದಿನ ಕಮಲಾವತಿಯ ಸರದಿ. ಅಣ್ಣನ ಆಣೆ ಮುರಿದು, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಸರಕಾರಿ ವಕೀಲರು ಎದ್ದು ನಿಂತರು.

"ನಿನಗೂ ಆ ಪೊಲೀಸಿನವನಿಗೂ ಎಂತ ಸಂಬಂಧ?"

ಹಿಂದಿನ ಬೆಂಚುಗಳಲ್ಲಿ ಯಾರೋ ನಕ್ಕರು. ಕುಕ್ಕಪ್ಪ ಕಣ್ಣು ಮುಚ್ಚಿಕೊಂಡ.

"ಅವತ್ತು ಏನೂ ಇರಲಿಲ್ಲ."

"ಅವತ್ತು ಇರಲಿಲ್ಲ. ಇವತ್ತು?"

ಇಲ್ಲ ಎಂದರೆ ಮುಗಿಯಿತು! ಒಂದೇ ಶಬ್ದ! ಆದರೆ ಸುಳ್ಳು ಹೇಳುವುದಿಲ್ಲ ಎಂದು ಈಗಷ್ಟೇ ಪ್ರಮಾಣ ಮಾಡಿದ್ದಳು. ಏಳು ತಿಂಗಳು ಮುಚ್ಚಿಟ್ಟ ಒಂದು ಸತ್ಯದ ಬೆಲೆಯನ್ನು ಅಣ್ಣ ಜೈಲಿನಲ್ಲಿ ತೆತ್ತಿದ್ದ.

"ಇವತ್ತು ನನ್ನ ಕಡೆಯಿಂದ ಉಂಟು," ಎಂದಳು. "ಅವರ ಕಡೆಯದ್ದು ನನಗೆ ಗೊತ್ತಿಲ್ಲ."

ನಗು ನಿಂತಿತು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಅವಳನ್ನು ನೋಡಿದರು. ಆಮೇಲೆ ಆ ಮಾತನ್ನೂ ಬರೆದುಕೊಂಡರು.

ಹದಿನೈದು ದಿನಕ್ಕೆ ತೀರ್ಪು ಬಂತು. ಕುಕ್ಕಪ್ಪ ನಿರಪರಾಧಿ.

ಕಮಲಾವತಿ ಅಣ್ಣನ ಕೈ ಹಿಡಿದು ಹೊರಗೆ ಬಂದಾಗ ಜಗಲಿಯಲ್ಲಿ ದೇವಮ್ಮ ಎದುರಾದಳು. ಅಳಲಿಲ್ಲ, ಬೈಯಲಿಲ್ಲ.

"ಹಾಗಾದರೆ ನನ್ನ ಮಗನನ್ನು ಕೊಂದದ್ದು ಯಾರು ಮಗಾ?"

ಕುಕ್ಕಪ್ಪ ತಲೆ ತಗ್ಗಿಸಿದ. ಉಳಿದ ಹನ್ನೊಂದು ಹುಲಿಗಳು ಬಣ್ಣ ತೆಗೆದು ಎಂಟು ತಿಂಗಳಾಗಿತ್ತು. ಆ ಪ್ರಶ್ನೆಗೆ ಉತ್ತರ ಯಾವತ್ತೂ ಸಿಗಲಿಲ್ಲ.

*

ಅಚ್ಚುತನನ್ನು ಕೆಲಸದಿಂದ ತೆಗೆದರು. ಅವನು ಯಾರಿಗೂ ಹೇಳದೆ ಊರು ಬಿಟ್ಟಿದ್ದ. ಸಂಪಾಜೆಯಲ್ಲಿ ಘಾಟಿ ರಸ್ತೆಯ ಕೆಲಸದಲ್ಲಿದ್ದಾನೆಂದು ಒಬ್ಬ ಬಸ್ ಕಂಡಕ್ಟರ್ ಹೇಳಿದ್ದು ನಾಲ್ಕು ತಿಂಗಳ ಮೇಲೆ.

ಸಂಪಾಜೆಯಲ್ಲಿ ಬಸ್ಸಿಳಿದ ಕುಕ್ಕಪ್ಪ ಚಾದಂಗಡಿಯ ಬೆಂಚಿನಲ್ಲಿ ಕೂತುಬಿಟ್ಟ.

"ಗಂಡಿನ ಕಡೆಯವರು ಹೆಣ್ಣು ಕೇಳಲು ಬರುದು ಕ್ರಮ. ನಮ್ಮದು ಎಲ್ಲ ತಲೆಕೆಳಗು ಮಾರಾಯ್ತಿ. ಹೋಗು, ಮಾತಾಡಿ ಬಾ. ಅಷ್ಟರೊಳಗೆ ನಾನು ಎರಡು ಚಾ ಕುಡೀತೇನೆ."

ಅಚ್ಚುತ ರಸ್ತೆ ಬದಿಯಲ್ಲಿ ಜಲ್ಲಿ ಒಡೆಯುತ್ತಿದ್ದ. ಮೈ ಕಪ್ಪಾಗಿತ್ತು, ಕೆನ್ನೆ ಗುಳಿಬಿದ್ದಿತ್ತು. ಅವಳನ್ನು ಕಂಡು ಸುತ್ತಿಗೆ ಕೆಳಗಿಟ್ಟು ಎದ್ದ.

"ನೀವು... ಇಲ್ಲಿ?"

"ಹೇಳದೆ ಬಂದಿರಲ್ಲ? ನಾನೇ ಬರಬೇಕಾಯ್ತು."

"ಯಾವ ಮುಖ ಇಟ್ಟುಕೊಂಡು ಹೇಳುದು? ನಿಮ್ಮ ಅಣ್ಣನ ಎಂಟು ತಿಂಗಳನ್ನು ನಾನು ತಿಂದೆ."

"ಅದರಲ್ಲಿ ಏಳು ತಿಂಗಳು ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಪಾಲು ಹಾಕುದಾದರೆ ನನ್ನದೂ ಉಂಟು."

ಒಂದು ಲಾರಿ ಏದುಸಿರು ಬಿಡುತ್ತ ಘಾಟಿ ಹತ್ತಿ ಹೋಯಿತು. ಧೂಳು ಇಳಿಯುವವರೆಗೆ ಅವಳು ಸೆರಗನ್ನು ಮುಖಕ್ಕೆ ಹಿಡಿದಳು.

"ಕೋರ್ಟಿನಲ್ಲಿ ನೀವು ಹೇಳಿದ್ದು ನನ್ನ ಕಿವಿಗೂ ಬಿತ್ತು," ಎಂದ ಅಚ್ಚುತ ಮೆಲ್ಲಗೆ. "ಅಣ್ಣನನ್ನು ಉಳಿಸಲಿಕ್ಕೆ ಹೇಳಿದ್ದು ಅಂದುಕೊಂಡೆ."

"ಪೊಲೀಸಾಗಿದ್ದವರಿಗೆ ಇಷ್ಟು ಗೊತ್ತಾಗುದಿಲ್ವಾ? ಆ ಮಾತಿಗೆ ನಿಮ್ಮ ಸಾಕ್ಷಿಯೇ ಸುಳ್ಳೆನಿಸಿ ಅಣ್ಣನ ಕೇಸು ಮುಳುಗುತ್ತಿತ್ತು. ಉಳಿಸಲಿಕ್ಕೆ ಅಂತಾದರೆ ಇಲ್ಲ ಅನ್ನುತ್ತಿದ್ದೆ."

ಅವನು ಬೆರಗಾಗಿ ಅವಳನ್ನೇ ನೋಡಿದ. ಅವಳ ಕಣ್ಣು ತುಂಬಿ ಬಂದಿತ್ತು, ಧ್ವನಿ ಮಾತ್ರ ಗಟ್ಟಿಯಾಗಿತ್ತು.

"ನನ್ನ ಹತ್ತಿರ ಈಗ ಕೆಲಸ ಇಲ್ಲ. ಊರಿನಲ್ಲಿ ಒಳ್ಳೆ ಹೆಸರೂ ಇಲ್ಲ..."

"ನನ್ನ ಹೆಸರನ್ನೂ ಊರು ಬಿಟ್ಟಿಲ್ಲ. ಆದರೂ ನಾನು ಬಾವಿಗೆ ಹಾರಲಿಲ್ಲ. ಬಸ್ಸು ಹತ್ತಿದೆ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒಂದು ಮಾತು ಕೊಡಿ. ಇನ್ನು ಮುಂದೆ ನನ್ನ ಒಳ್ಳೆಯದಕ್ಕೆ ಅಂತ ಏನೇ ಮಾಡುದಾದರೂ ಮೊದಲು ನನ್ನನ್ನು ಕೇಳಬೇಕು."

"ಕೇಳ್ತೇನೆ."

"ಹಾಗಾದರೆ ಈಗಲೇ ಕೇಳಿ."

ಅಚ್ಚುತ ಧೂಳಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಅವಳ ಮುಂದೆ ಚಾಚಿದ.

"ಕಮಲಾ... ನನ್ನ ಜೊತೆ ಇರ್ತೀಯಾ?"

"ಇರ್ತೇನೆ," ಎಂದಳು ಅವಳು.