ಗಚಂಬಿಯ ಕೊಟ್ಟಿಗೆಯ ಹಾಲುಗಳ್ಳಿ

"ಮುಕಾಮಿ ಅಕ್ಕಾ, ಇವತ್ತು ನನ್ನನ್ನ ತವರಿಗೆ ಅಟ್ತಾರೆ. ಮಗೂನ ಬಿಟ್ಟು ಹೋಗ್ಬೇಕಂತೆ!"

ಮುಕಾಮಿಯ ಅಂಗಳದಲ್ಲೇ ಕುಸಿದ ನ್ಯಗೂತಿಯನ್ನು ವಂಬುರಾ ಹಿಡಿದು ಕೂರಿಸಿದಳು. ಕೀನ್ಯಾದ ಕಿನಾಂಗೊಪ್ ದಿಣ್ಣೆಯಲ್ಲಿ, ಹೆಣ್ಣಿನ ತವರಿಗೆ ದನಗಳ ತೆರ ಕೊಟ್ಟು ತಂದ ಸೊಸೆ ಹೊರಬಿದ್ದರೆ ಮಗು ಗಂಡನ ಮನೆಗೇ ಸೇರಿದ್ದು. ನ್ಯಗೂತಿಯ ಗಂಡನ ಮನೆಯ ಹಸುವಿನ ಹಾಲು ಅರ್ಧಕ್ಕಿಳಿದಿತ್ತು. ಕರೆಯುವವಳು ನ್ಯಗೂತಿ, ಹಾಗಾಗಿ ಕದ್ದು ಮಾರುವವಳೂ ಅವಳೇ ಎಂದು ಅತ್ತೆ ಗಚಂಬಿ ತೀರ್ಪು ಕೊಟ್ಟಾಗಿತ್ತು. ಪೊಲೀಸ್ ಕೆಲಸದಿಂದ ನಿವೃತ್ತಳಾದರೂ ಊರಿನ ಕಳವುಗಳ ಬೆನ್ನು ಬಿಡದ ಮುಕಾಮಿ ಚಹಾ ಲೋಟ ಕೆಳಗಿಟ್ಟು ಎದ್ದಳು. ಗೆಳತಿ ವಂಬುರಾ ಎಂದಿನಂತೆ ಹಿಂದೆಯೇ ಹೊರಟಳು.

ಗಚಂಬಿಯ ಕೊಟ್ಟಿಗೆಯಲ್ಲಿ ಮುಕಾಮಿ ಎಲ್ಲರೆದುರು ತಾನೇ ಹಾಲು ಕರೆದಳು. ಬಕೆಟ್ಟಿನ ತಳ ಮುಚ್ಚುವಷ್ಟು ಬಂತು. ಗೋದಲಿಯ ತುಂಬ ನೇಪಿಯರ್ ಹುಲ್ಲಿನ ದಪ್ಪ ದಂಟುಗಳು. ಹಸು ಮೂಸಿ ಬಿಟ್ಟಿತ್ತು. ಅದರ ಸೆಗಣಿ ಗಟ್ಟಿ ಉಂಡೆ. ಪಕ್ಕದ ಕಂಬಕ್ಕೆ ಕಟ್ಟಿದ್ದ, ಇನ್ನೂ ಕರು ಹಾಕದ ಮಣಕ ಮಾತ್ರ ಮೈತುಂಬಿಕೊಂಡು ಮಿರಮಿರ ಮಿಂಚುತ್ತಿತ್ತು. ಅದರ ಮುಂದೆ ಉದುರಿದ್ದು ಬರೀ ಹಸಿರೆಲೆಯ ಚೂರುಗಳು.

"ಈ ಮಣಕ ಯಾರಿಗೆ?"

"ಕಿರಿಮಗನ ಮದುವೆಗೆ, ತೆರ ಕೊಡೋಕೆ," ಎಂದಳು ಗಚಂಬಿ. ಮೊಮ್ಮಗುವನ್ನು ಅವಳು ಬೆನ್ನಿಗೆ ಕಟ್ಟಿಕೊಂಡಿದ್ದಳು. "ಬೀಗರ ಮುಂದೆ ಬಡಕಲು ದನ ನಿಲ್ಸಿ ಮಾನ ಕಳ್ಕೊಳ್ಲಾ?"

"ಹುಲ್ಲು ಕೊಯ್ಯೋರು?"

"ನಾನೇ. ಈ ಕಳ್ಳಿ ಕೈಗೆ ಕತ್ತಿ ಕೊಡ್ತೀನಾ?"

ಮುಕಾಮಿ ಮನೆಯ ಹಿರಿಯರನ್ನೆಲ್ಲ ಅಂಗಳಕ್ಕೆ ಕರೆಸಿದಳು. ನ್ಯಗೂತಿಯ ಗಂಡ ನೆಲ ನೋಡುತ್ತ ನಿಂತಿದ್ದ. ಅವನನ್ನು ಕಂಡು ವಂಬುರಾಳಿಗೆ ಮೈಯೆಲ್ಲ ಉರಿಯಿತು.

"ಹಾಲು ಯಾರೂ ಕದ್ದಿಲ್ಲ," ಎಂದಳು ಮುಕಾಮಿ. "ನಾನು ಕರೆದಾಗಲೂ ಅಷ್ಟೇ ಬಂತಲ್ಲ? ಕಳುವಾಗಿರೋದು ಎಲೆ. ಆಳೆತ್ತರ ಬಲಿತ ಹುಲ್ಲಿನ ದಂಟಲ್ಲಿ ಏನಿದೆ ಸತ್ವ? ಹೊಟ್ಟೆ ತುಂಬುತ್ತೆ, ಕೆಚ್ಚಲು ತುಂಬಲ್ಲ. ಹಸು ಅಗಿಯೋಕಾಗದೆ ಬಿಟ್ಟಿದೆ, ಸೆಗಣಿ ಕಲ್ಲಾಗಿದೆ. ಎಲೆಯೆಲ್ಲ ಮಣಕದ ಹೊಟ್ಟೇಲಿದೆ. ಹುಲ್ಲು ಕೊಯ್ದು ಹಾಕೋರು ಒಬ್ಬರೇ."

ಗಚಂಬಿ ಕೊಟ್ಟಿಗೆಯತ್ತ ನೋಡಿದಳು. "ಹಾಕೋ ರಾಶಿ ಅಷ್ಟೇ ಇತ್ತಲ್ಲಾ... ಎಳೇದು ಬೆಳೆಯೋ ಮಣಕಕ್ಕಿರಲಿ, ಹಸುಗೆ ಯಾವ್ದಾದ್ರೇನು ಅಂದ್ಕೊಂಡೆ." ಆಮೇಲೆ ಸೊಸೆಯ ಕಡೆ ತಿರುಗಿ, "ಆಗಿದ್ದು ಆಯ್ತು, ಒಳಗೆ ಬಾರಮ್ಮ," ಎಂದಳು.

"ಮೊದಲು ಮಗೂನ ಕೊಡಿ, ಅತ್ತೆ."

ಅತ್ತೆ ಬೆನ್ನಿನಿಂದ ಬಿಚ್ಚಿ ಕೊಟ್ಟ ಮಗುವನ್ನು ಎದೆಗವಚಿಕೊಂಡ ನ್ಯಗೂತಿ ಗೇಟಿನತ್ತ ತಿರುಗಿದಳು. "ನಾನು ಹೇಗೂ ತವರಿಗೆ ಹೊರಟೋಳು. ಹಿರಿಯರನ್ನ, ನಿಮ್ಮ ಮಗನ್ನ ಕರ್ಕೊಂಡು ಅಲ್ಲಿಗೇ ಬನ್ನಿ. ಇಷ್ಟು ಜನರೆದುರು ಕಳ್ಳಿ ಅಂದ್ರಿ, ನನ್ನಪ್ಪನೆದುರು ಕಳ್ಳಿ ಅಲ್ಲ ಅನ್ನಿ. ಆಮೇಲೆ ಬರ್ತೀನೋ ಇಲ್ವೋ ನೋಡ್ತೀನಿ."

ಮಗುವಿನೊಡನೆ ಅವಳು ಗೇಟು ದಾಟಿ ತವರಿನ ದಾರಿ ಹಿಡಿದಳು.