ಸುಣ್ಣದಡಿಯ ಸಮುದ್ರ

"ನಿಲ್ಲಿಸ್ರೀ! ಹಳೇ ಗೋಡೆನ ಹೀಗೆ ಕೆರೀತಾ ಇದ್ದೀರಲ್ಲ, ಇದೇನು ನಿಮ್ಮ ಮನೆಯದಾ?"

ಏಣಿಯ ಮೇಲಿದ್ದವನು ತಿರುಗಿದ. ಕೂದಲು, ಹುಬ್ಬು, ಮೂಗು ಎಲ್ಲವೂ ಸುಣ್ಣ! ಕಣ್ಣುಗಳು ಮಾತ್ರ ನಗುತ್ತಿದ್ದವು.

ಕೆಳಗೆ ನಿಂತು ಕೂಗಿದವಳು ಆ ಕಡಲೂರಿನ ಹಳೆಯ ಕಟ್ಟಡಗಳನ್ನು ಪ್ರವಾಸಿಗರಿಗೆ ನಡೆಸಿ ತೋರಿಸುವ ಗೈಡ್. ಮೊದಲು ದೀಪಸ್ತಂಭ, ಆಮೇಲೆ ಗಡಿಯಾರದ ಗೋಪುರ, ಕೊನೆಗೆ ಹಿಂದೆ ಹಡಗುಗಳಿಂದ ತೆರಿಗೆ ವಸೂಲಿ ಮಾಡುತ್ತಿದ್ದ ಈ ಸುಂಕದ ಮನೆ. ಇವುಗಳ ಒಂದು ಕಲ್ಲು ಅಲುಗಿದರೂ ಅವಳ ಕೋಪ ನೆತ್ತಿಗೇರುತ್ತಿತ್ತು.

ಅವಳು ಬೈದಳು, ಬೈದಳು... ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾಯಿತು, ಅಷ್ಟೆ.

"ಮೇಲೆ ಬನ್ನಿ ಮೇಡಂ. ಬೈಯೋದನ್ನ ಇಲ್ಲಿಂದಲೇ ಮುಂದುವರಿಸಿ," ಎಂದ ಅವನು.

ಹತ್ತಿದಳು. ಸುಣ್ಣ ಎದ್ದ ಜಾಗದಲ್ಲಿ ಅಂಗೈಯಗಲ ನೀಲಿ. ಅಲೆಗಳು. ಒಂದು ಹಾಯಿ. ಅಂಚಿನಲ್ಲಿ ಕಲ್ಲಿನ ಕಮಾನು...

"ಸಮುದ್ರದ ಬಾಗಿಲು!" ಅವಳ ದನಿ ತಗ್ಗಿತು. "ಇಲ್ಲಿ ಊರಿಗೊಂದು ಬಾಗಿಲಿತ್ತು, ಕಡಲು ನುಂಗಿತು ಅಂತ ದಿನಾ ಹೇಳ್ತೀನಿ. ಒಬ್ಬರೂ ನಂಬಲ್ಲ..."

"ನಾನು ನಂಬಿದೆ," ಎಂದ, ಮೆಲ್ಲಗೆ.

ಹಳೆಯ ಚಿತ್ರಗಳನ್ನು ಉಳಿಸುವುದೇ ಅವನ ಕಸುಬು. ಅಂದಿನಿಂದ ದಿನಾ ಸಂಜೆ ಅವಳು ಅಲ್ಲಿ ಹಾಜರ್. ಸುಣ್ಣದ ಅಡಿಯಿಂದ ಊರಿಗೆ ಊರೇ ಎದ್ದು ಬರುತ್ತಿತ್ತು! ದೋಣಿಗಳು, ಮೀನು ಮಾರುವ ಹೆಂಗಸರು, ಅಪ್ಪನ ಹೆಗಲೇರಿದ ಮಗು. ಅವಳಿಗೆ ಉಸಿರಾಡುವುದೇ ಮರೆತುಹೋಗುತ್ತಿತ್ತು.

ಗೋಡೆ ಬಿಟ್ಟು ಅವನನ್ನು ನೋಡತೊಡಗಿದ್ದು ಯಾವಾಗ? ಅವಳಿಗೆ ಗೊತ್ತಿಲ್ಲ. ಸುಂಕದ ಮನೆಯ ಟಿಕೆಟ್ ಕಿಟಕಿಯಲ್ಲಿ ಕೂರುವ ಅವಳ ಚಿಕ್ಕಮ್ಮನಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು.

ಒಂದು ಬೆಳಿಗ್ಗೆ ಬಂದು ನೋಡಿದರೆ ಸಮುದ್ರವೇ ಇಲ್ಲ! ಗೋಡೆ ತುಂಬ ಬಿಳಿ ಕಾಗದ ಅಂಟಿಸಿದೆ. ಚಿತ್ರಕ್ಕೆ ಕಾಗದ ಅಂಟಿಸಿ, ಪೊರೆಯ ಹಾಗೆ ಕಿತ್ತು ಮಾರುವವರಿದ್ದಾರೆಂದು ಅವಳು ಕೇಳಿದ್ದಳು. ನೇರ ಅವನ ಮುಂದೆ ಹೋಗಿ ನಿಂತಳು.

"ಕಿತ್ತು ಮಾರೋಕಲ್ವಾ? ಕಳ್ಳ! ನನ್ನನ್ನ ಚೆನ್ನಾಗಿ ಆಟ ಆಡಿಸಿದ್ರಿ!"

"ರೀ, ಒಂದ್ನಿಮಿಷ ಕೇಳಿ..."

"ಕೇಳಿದ್ದು ಸಾಕು!"

ಅವನ ಮುಖ ಕಪ್ಪಿಟ್ಟಿತು. ಅವನಿಗೂ ಸ್ವಾಭಿಮಾನವಿತ್ತು. ಹೊರಟುಹೋದ ಅವಳ ಹಿಂದೆ ಬರಲಿಲ್ಲ.

ಆಮೇಲೆ ಪ್ರವಾಸಿಗರ ಜೊತೆಗಿನ ಅವಳ ನಡಿಗೆ ಸುಂಕದ ಮನೆಗೆ ಬಾರದೆ ಗಡಿಯಾರದ ಗೋಪುರದ ಹತ್ತಿರವೇ ಮುಗಿಯತೊಡಗಿತು. 'ಮೋಸಗಾರನಿಗಾಗಿ ಯಾಕೆ ಅಳ್ತಿದೀನಿ?' ಎಂದು ತನ್ನನ್ನೇ ಬೈದುಕೊಂಡಳು. ಕಣ್ಣೀರು ಕೇಳಲಿಲ್ಲ.

ಕೊನೆಗೆ ಚಿಕ್ಕಮ್ಮನೇ ಗೋಪುರದವರೆಗೂ ನಡೆದು ಬಂದಳು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಕಣೇ! ಗೋಡೆ ಒಳಗೆ ಟೊಳ್ಳಾಗಿತ್ತಂತೆ. ಚಿತ್ರ ಉದುರಬಾರದು ಅಂತ ಮುಂದೆ ಕಾಗದ ಅಂಟಿಸಿ, ಹಿಂದೆ ಗಾರೆ ತುಂಬಿದಾನೆ. ಈಗ ಕಾಗದ ಬಿಡಿಸ್ತಾನೆ, ಸಂಜೆ ಬಸ್ಸು ಹತ್ತುತಾನೆ. ಊಟಾನೂ ಸೇರ್ತಿಲ್ಲ ಆ ಪುಣ್ಯಾತ್ಮಂಗೆ!"

ಅವಳು ಓಡಿದಳು. ಏನೆಂದು ತಿಳಿಯದೆ ಪ್ರವಾಸಿಗರೂ ಹಿಂದೆಯೇ ಓಡಿದರು!

ಅವನು ಒದ್ದೆ ಸ್ಪಂಜಿನಿಂದ ಕಾಗದ ನೆನೆಸಿ ಬಿಡಿಸುತ್ತಿದ್ದ. ಕೊನೆಯ ಹಾಳೆ ಜಾರಿತು. ಗೋಡೆಯ ಈ ತುದಿಯಿಂದ ಆ ತುದಿಗೆ ಕಡಲು ಹರಡಿಕೊಂಡಿತು... ಅಷ್ಟು ಜನರಲ್ಲಿ ಮುದುಕರೊಬ್ಬರು ಟೋಪಿ ತೆಗೆದು ಎದೆಗೊತ್ತಿಕೊಂಡರು. ಅವಳು ತನಗೇ ಅರಿವಿಲ್ಲದೆ ಕೈ ಮುಗಿದಿದ್ದಳು.

"ತಪ್ಪಾಯ್ತು. ನಿಮ್ಮನ್ನ ಕಳ್ಳ ಅಂದೆ."

"ಅದಕ್ಕೆ ಬೇಜಾರಿಲ್ಲ. ಇಷ್ಟು ದಿನ ಪಕ್ಕದಲ್ಲಿ ನಿಂತೂ ನನ್ನನ್ನ ನೋಡೇ ಇಲ್ವಾ ಅನ್ನಿಸ್ತು..."

"ನೋಡಿದೀನಿ! ಚಿತ್ರಕ್ಕಿಂತ ಜಾಸ್ತಿ ನಿಮ್ಮನ್ನೇ ನೋಡಿದೀನಿ!"

ಅಯ್ಯೋ, ಎಲ್ಲರೆದುರೇ ಹೇಳಿಬಿಟ್ಟಳು! ಚಿಕ್ಕಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಅವನ ಕಣ್ಣು ತುಂಬಿತ್ತು. "ನಂದು ಊರೂರು ಅಲೆಯೋ ಕೆಲಸ. ಹೊರಡೋಕೆ ಕಾಲೇ ಬರದಿರೋದು ಇದೇ ಮೊದಲು. ಕೆಲಸ ಮುಗಿದಾಗಲೆಲ್ಲ ಇಲ್ಲಿಗೇ ಬರ್ಲಾ... ನಿಮ್ಮ ಹತ್ರ?"

"ಬರದಿದ್ರೆ ನಾನೇ ಹುಡುಕ್ಕೊಂಡು ಬರ್ತೀನಿ."

"ದಾರೀಲಿ ಹಳೇ ಕಟ್ಟಡ ಸಿಕ್ಕಿದ್ರೆ?"

ಅವಳು ಅವನ ಸುಣ್ಣದ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಸಿಕ್ಕಿದ್ರೂ... ನಿಲ್ಲಲ್ಲ."