ಎಡಗಡೆಯ ನಟ್ಟು

ಮೆಕ್ಯಾನಿಕ್ ದೊಡ್ಡಬೀರಪ್ಪನ ತಲೆ ಜಜ್ಜಿಹೋಗಿತ್ತು. ರಿಪೇರಿಗೆ ಬಂದಿದ್ದ ಕೆಂಪು ಎಂ.ಜಿ. ಕಾರಿನ ಎಡ ಮುಂಚಕ್ರದ ಪಕ್ಕ ಅಂಗಾತ ಬಿದ್ದಿದ್ದ. ಜಾಕು ಮಗುಚಿತ್ತು. ಬೆಳಿಗ್ಗೆ ರೊಟ್ಟಿ ತಂದ ತಾಯಿ ಕೆಂಚಮ್ಮ, ಷೆಡ್ಡಿನ ಬಾಗಿಲಲ್ಲಿ ಹೆಪ್ಪುಗಟ್ಟಿದ್ದ ರಕ್ತವನ್ನು ತುಳಿದ ಮೇಲೆಯೇ ಮಗನನ್ನು ಕಂಡದ್ದು.

ಕಾರು ಜಾರಿ ಬಿದ್ದು ಸತ್ತ ಎಂದಿತು ಅಜ್ಜಂಪುರ. ದಫೇದಾರ ಗಂಗಾಧರಯ್ಯ ಬಗ್ಗಿ ನೋಡಿದ. ನಾಲ್ಕೂ ಚಕ್ರ ಇದ್ದಲ್ಲೇ ಇದ್ದವು. ಚಕ್ರವಿರುವ ಕಾರು ಜಾಕಿನಿಂದ ಜಾರಿದರೆ ಟೈರಿನ ಮೇಲೆ ನಿಲ್ಲುತ್ತದೆ, ಮನುಷ್ಯನ ಬುರುಡೆಯ ಮೇಲಲ್ಲ. ಇದು ಕೊಲೆ.

ಹಿಂದಿನ ವಾರ ಎಮ್ಮೆದೊಡ್ಡಿ ಕಾವಲಿನ ಹತ್ತಿರ ಕುರಿ ಕಾಯುವವನ ಮೇಲೆ ಹರಿದು ಓಡಿಹೋದ ಲಾರಿಯೇ ಠಾಣೆಗೆ ಇನ್ನೂ ಸಿಕ್ಕಿರಲಿಲ್ಲ. ಈ ಕೇಸಿಗೆ ಮೇಲಿನಿಂದ ಬಂದ ಇನ್‌ಸ್ಪೆಕ್ಟರು ಸಂಜೆಯೊಳಗೆ ಸತ್ತವನ ತಮ್ಮ ಸಣ್ಣಬೀರಪ್ಪನನ್ನು ಹಿಡಿದು ಹಾಕಿದರು. ತರೀಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಬೇರೆ ಷೆಡ್ಡು ಹಾಕುತ್ತೇನೆಂದು ಅವನು ಹಿಂದಿನ ದಿನ ಅಣ್ಣನ ಜೊತೆ ಜಗಳವಾಡಿದ್ದ. ಆ ಜಗಳಕ್ಕೆ ಸಾಕ್ಷಿ ಹೇಳಿದವನು ಈರಭದ್ರಪ್ಪ. ಅದೇ ಷೆಡ್ಡಿನ ಇನ್ನೊಂದು ಮಗ್ಗುಲಲ್ಲಿ ಅವನು ತನ್ನ ಲಾರಿ ನಿಲ್ಲಿಸುತ್ತಿದ್ದ.

ಎರಡು ದಿನ ಲಾಠಿಯೇ ಮಾತಾಡಿತು. ಹುಡುಗನ ಬಲಗೈಯನ್ನು ಮೇಜಿಗೆ ಅದುಮಿ ಹಿಡಿದವನು ಗಂಗಾಧರಯ್ಯನೇ. ಬೆರಳು ಮುರಿದ ಸದ್ದು ಅವನಿಗೆ ಕೇಳಿಸಿತ್ತು. ಆದರೂ ಸಣ್ಣಬೀರಪ್ಪ ಒಪ್ಪಲಿಲ್ಲ.

ನಾಳೆ ಅವನನ್ನು ತರೀಕೆರೆ ಕೋರ್ಟಿಗೆ ಒಯ್ಯಬೇಕು. ಕೆಂಚಮ್ಮ ಠಾಣೆಯ ಮೆಟ್ಟಿಲು ಬಿಟ್ಟು ಎದ್ದಿರಲಿಲ್ಲ. "ಒಬ್ಬ ಮಣ್ಣಾದ. ಇನ್ನೊಬ್ಬನ್ನ ನೇಣಿಗೆ ಹಾಕ್ತೀರಾ?" ಎಂದಳು. ಗಂಗಾಧರಯ್ಯನಿಗೆ ಆ ಮುದುಕಿಯ ಮುಖ ನೋಡಲಾಗಲಿಲ್ಲ.

ಮಹಜರಿನ ನೆಪ ಹೇಳಿ, ಬೇಡಿ ಹಾಕಿದ್ದ ಸಣ್ಣಬೀರಪ್ಪನನ್ನು ಷೆಡ್ಡಿಗೆ ಕರೆತಂದ. ಆ ಇಂಗ್ಲಿಷ್ ಕಾರಿನ ಒಂದೊಂದು ಚಕ್ರಕ್ಕೂ ನಡುವೆ ಒಂದೇ ದೊಡ್ಡ ನಟ್ಟು, ಅದಕ್ಕೆ ಎರಡು ಕಿವಿ. ಕಿವಿಗೆ ಸುತ್ತಿಗೆಯಲ್ಲಿ ಹೊಡೆದೇ ಬಿಚ್ಚಬೇಕು. ಎಡ ಮುಂಚಕ್ರದ ಕಿವಿಗಳ ಮೇಲೆ ಹಸಿ ಕಚ್ಚುಗಳಿದ್ದವು.

"ಇವೇನೋ?"

"ನಮ್ಮವಲ್ಲ ಸಾಮಿ. ಅಣ್ಣ ತಾಮ್ರದ ಸುತ್ತಿಗೇಲೇ ಹೊಡೀತಿದ್ದ, ಅದ್ರಲ್ಲಿ ಕಚ್ಚು ಬೀಳಲ್ಲ. ಕಬ್ಬಿಣ ಮುಟ್ಟಿಸಿದ್ರೆ ನನ್ನ ಕೆನ್ನೆಗೆ ಬಿಡೋನು."

ತಾಮ್ರದ ಸುತ್ತಿಗೆ ಗೂಟದಲ್ಲೇ ತೂಗುತ್ತಿತ್ತು. ಗಂಗಾಧರಯ್ಯ ಯುದ್ಧದ ಕಾಲದಲ್ಲಿ ನಾಲ್ಕು ವರ್ಷ ಮಿಲಿಟರಿ ಲಾರಿ ಓಡಿಸಿದ್ದವನು. ಸುತ್ತಿಗೆಯನ್ನು ತೆಗೆದು, ಬಿಚ್ಚಲೆಂದು ಕಿವಿಗೆ ಒಂದೇಟು ಕೊಟ್ಟ.

"ಬಿಗಿಯಾಗ್ತೈತೆ ಸಾಮಿ. ಆ ಕಡೆಯಿಂದ ಹೊಡೀರಿ."

"ಎಡಗಡೆ ಚಕ್ರ ಅಲ್ವೇನೋ? ಉಲ್ಟಾ ತಿರುಪು."

"ಅದು ಲಾರಿಗೆ. ಈ ಕಾರಿಗೆ ಬಲಗಡೆ ಉಲ್ಟಾ, ಎಡಗಡೆ ನೇರ."

ಗಂಗಾಧರಯ್ಯನ ಕೈ ಅಲ್ಲೇ ನಿಂತಿತು. ಕಚ್ಚುಗಳನ್ನು ಮತ್ತೆ ನೋಡಿದ. ಎಲ್ಲವೂ ಈಗ ತಾನು ಹೊಡೆದ ಕಡೆಗೇ ಇದ್ದವು.

ಈರಭದ್ರಪ್ಪನನ್ನು ಕರೆಸಿದ. "ಮಹಜರಿಗೆ ಈ ಚಕ್ರ ಬಿಚ್ಬೇಕು ಕಣಪ್ಪ. ಇವನ ಕೈ ಮುರಿದೈತೆ. ನಾಲ್ಕೇಟು ಹಾಕು."

ಈರಭದ್ರಪ್ಪ ಲಾರಿಯಿಂದ ಕಬ್ಬಿಣದ ಸುತ್ತಿಗೆ ತಂದ. ಠಣ್ — ಏಟು ಹಳೆಯ ಕಚ್ಚಿನ ಮೇಲೆಯೇ ಬಿತ್ತು. ಇನ್ನೊಂದು. ಮತ್ತೊಂದು.

"ಜಾಮಾಗೈತೆ ದಫೇದಾರ್ರೆ."

"ಅವತ್ತೂ ಹಿಂಗೇ ಆಯ್ತಾ?"

ಈರಭದ್ರಪ್ಪ ಎತ್ತಿದ್ದ ಸುತ್ತಿಗೆಯನ್ನು ಇಳಿಸಿದ.

"ಚಕ್ರ ಬಿಚ್ಚಿದ್ದಿದ್ರೆ ಕಾರು ಬಿದ್ದು ಸತ್ತ ಅಂತ ನಾವೂ ನಂಬ್ತಿದ್ವಿ. ಅದಕ್ಕೇ ನೀನು ಹೊಡೆದೆ. ಹೊಡೆದಷ್ಟೂ ಬಿಗಿಯಾಯ್ತು. ಇವನಾಗಿದ್ರೆ ಕಣ್ಮುಚ್ಚಿ ಬಿಚ್ತಿದ್ದ. ಏನೂ ತಿಳೀದೋನೂ ಸಾದಾ ನಟ್ಟು ಅಂತ ಸರಿಯಾಗೇ ಬಿಚ್ತಿದ್ದ. ಎಡಗಡೆ ಚಕ್ರದಲ್ಲಿ ತಪ್ಪೋದು ಲಾರಿಯೋನು ಮಾತ್ರ. ನಾನೂ ತಪ್ಪಿದೆ ಕಣೋ. ಹೋದ ವಾರ ಎಮ್ಮೆದೊಡ್ಡಿ ಕಾವಲಿನ ಹತ್ರ ಕುರಿ ಕಾಯೋನ ಮೇಲೆ ಹರಿದ ಲಾರಿ ಯಾರದು? ದೊಡ್ಡಬೀರಪ್ಪ ಏನು ಕಂಡಿದ್ದ?"

ಉತ್ತರಕ್ಕೆ ಬದಲು ಸುತ್ತಿಗೆ ಬಂತು. ಗಂಗಾಧರಯ್ಯ ತಲೆ ತಪ್ಪಿಸಿದ. ಭುಜದ ಮೂಳೆ ಲಟಕ್ಕೆಂದಿತು. ಎರಡನೆಯ ಏಟು ಎತ್ತುವಷ್ಟರಲ್ಲಿ ಸಣ್ಣಬೀರಪ್ಪ ಹಿಂದಿನಿಂದ ಬೇಡಿಯ ಸರಪಳಿಯನ್ನು ಅವನ ಕೊರಳಿಗೆ ಹಾಕಿ ಎಳೆದ. ಇಬ್ಬರೂ ನೆಲಕ್ಕುರುಳಿದರು. ಈರಭದ್ರಪ್ಪನ ಕಣ್ಣು ಮೇಲಾಯಿತು, ಬಾಯಲ್ಲಿ ನೊರೆ ಬಂತು.

"ಬಿಡೋ. ನಿನ್ನನ್ನ ನೇಣಿಗೆ ಕಳಿಸೋಕೇನೋ ನಾನು ಇಷ್ಟು ಮಾಡಿದ್ದು? ನಿಮ್ಮವ್ವ ಮೆಟ್ಟಿಲ ಮೇಲೆ ಕೂತವ್ಳೆ."

ಆ ಮಾತಿಗೆ ಸರಪಳಿ ಸಡಿಲವಾಯಿತು. ಈರಭದ್ರಪ್ಪ ಕೆಮ್ಮುತ್ತ ಬಾಯಿಬಿಟ್ಟ. "ಲಾರಿ ಅಡೀಲಿ ಆ ಕುರಿಯೋನ ಕಂಬ್ಳಿ ಚೂರು ಸಿಕ್ತು ಅವನಿಗೆ. ಠಾಣೆಗೆ ಹೇಳ್ತೀನಿ ಅಂದ. ಬೇಡ ಅಂತ ಕಾಲಿಗೆ ಬಿದ್ದೆ. ಕೇಳಲಿಲ್ಲ."

ಕಾನ್‌ಸ್ಟೇಬಲ್ಲುಗಳು ಹೊರಗಿನಿಂದ ಓಡಿಬಂದು ಈರಭದ್ರಪ್ಪನನ್ನು ಎಳೆದೊಯ್ದರು. ಗಂಗಾಧರಯ್ಯ ಒಂದೇ ಕೈಯಲ್ಲಿ ತಡಕಾಡಿ ಬೇಡಿ ಬಿಚ್ಚಿದ. ಸಣ್ಣಬೀರಪ್ಪ ಅಣ್ಣನ ತಾಮ್ರದ ಸುತ್ತಿಗೆಯನ್ನು ಎತ್ತಿಕೊಳ್ಳಲು ನೋಡಿದ. ಬಲಗೈ ಬೆರಳು ಮಡಚಲಿಲ್ಲ. ಸುತ್ತಿಗೆ ಕೆಳಗೆ ಬಿತ್ತು.

"ಕೈ ಅದುಮಿ ಹಿಡಿದಿದ್ದೋನು ನಾನೇ ಕಣಪ್ಪ," ಎಂದ ಗಂಗಾಧರಯ್ಯ.

"ಗೊತ್ತು ಸಾಮಿ."

ಸಣ್ಣಬೀರಪ್ಪ ಸುತ್ತಿಗೆಯನ್ನು ಎಡಗೈಯಲ್ಲಿ ತೆಗೆದುಕೊಂಡು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತ. ಮೊದಲ ಏಟು ತಪ್ಪಿತು, ಎರಡನೆಯದೂ ತಪ್ಪಿತು. ಏಳನೆಯ ಏಟಿಗೆ ನಟ್ಟು ಬಿಚ್ಚಿಕೊಂಡಿತು.